ವೂಕಾಮರ್ಸ್ ಆರ್ಡರ್ ನೇರ ಟ್ಯಾಲಿಗೆ: ಸಣ್ಣ ಅಂಗಡಿಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಚಿಕ್ಕಪೇಟೆಯ ಒಂದು ಸೀರೆ ಅಂಗಡಿಯ ಮಹಡಿ ಮೇಲೆ ಕೂತು ನಾನು ಈ ಕೆಲಸವನ್ನು ಮೊದಲ ಸಲ ಮಾಡಿದ್ದು. ಕೆಳಗೆ ಕೌಂಟರ್ ವ್ಯಾಪಾರ, ಮೇಲೆ ಆನ್‌ಲೈನ್ ಆರ್ಡರ್‌ಗಳ ಪ್ಯಾಕಿಂಗ್. ವೆಬ್‌ಸೈಟ್ ಇದ್ದದ್ದು ವೂಕಾಮರ್ಸ್‌ನಲ್ಲಿ (ವರ್ಡ್‌ಪ್ರೆಸ್ ವೆಬ್‌ಸೈಟನ್ನು ಆನ್‌ಲೈನ್ ಅಂಗಡಿ ಮಾಡುವ ಸಾಫ್ಟ್‌ವೇರ್), ಲೆಕ್ಕ ಇದ್ದದ್ದು ಟ್ಯಾಲಿ ಪ್ರೈಮ್ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ. ಎರಡರ ನಡುವೆ ಒಬ್ಬರು ಅಕೌಂಟೆಂಟ್. ಅವರು ದಿನಾ ಸಂಜೆ ಆರ್ಡರ್‌ಗಳ ಪ್ರಿಂಟ್ ತೆಗೆದು, ಹಾಳೆ ಮೇಲೆ ಸ್ಕೇಲ್ ಇಟ್ಟು, ಒಂದೊಂದೇ ಸಾಲನ್ನು ಟ್ಯಾಲಿಗೆ ಟೈಪ್ ಮಾಡುತ್ತಿದ್ದರು. ಹಬ್ಬದ ಸಮಯದಲ್ಲಿ ಅವರು ಮನೆಗೆ ಹೊರಡುವಾಗ ರಾತ್ರಿ ಹತ್ತಾಗುತ್ತಿತ್ತು.

ಆ ಟೈಪಿಂಗ್ ನಿಲ್ಲಿಸಬಹುದು. ಅದಕ್ಕೆ ದೊಡ್ಡ ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ, ಟ್ಯಾಲಿಯನ್ನು ಬಿಡಬೇಕೂ ಇಲ್ಲ. ಟ್ಯಾಲಿ 1986ರಲ್ಲಿ ಶುರುವಾದ, ನಮ್ಮ ಬೆಂಗಳೂರಿನದೇ ಕಂಪನಿ. ಇಲ್ಲಿನ ಅಕೌಂಟೆಂಟ್‌ಗಳ ಕೈಗೆ ಅದರ ಕೀಲಿಗಳು ಕಣ್ಣು ಮುಚ್ಚಿದರೂ ಸಿಗುತ್ತವೆ, ಅದನ್ನು ಕಿತ್ತು ಬೇರೆಯದನ್ನು ತರುವುದು ಸುಮ್ನೆ ಜಗಳ. ಎರಡನ್ನೂ ಇದ್ದಲ್ಲೇ ಇಟ್ಟು ನಡುವೆ ಒಂದು ಸಣ್ಣ ಸೇತುವೆ ಕಟ್ಟಿದರೆ ಸಾಕು, ಅಂದರೆ ವೂಕಾಮರ್ಸ್‌ನಿಂದ ಆರ್ಡರ್ ಓದಿ ಟ್ಯಾಲಿಗೆ ಬರೆಯುವ ಒಂದು ಸಣ್ಣ ಪ್ರೋಗ್ರಾಂ, ಒಂದು ಸ್ಕ್ರಿಪ್ಟ್.

ಪ್ರೋಗ್ರಾಂ ಬರೆಯುವ ಭಾಷೆ ಪೈಥಾನ್ ಸ್ವಲ್ಪ ಗೊತ್ತಿರುವವರು ಇದನ್ನು ಎರಡು ಮೂರು ವಾರಗಳಲ್ಲಿ ಮಾಡಬಹುದು. ಗೊತ್ತಿಲ್ಲದಿದ್ದರೂ ಓದಿ. ಯಾರಿಗಾದರೂ ಈ ಕೆಲಸ ಕೊಡುವಾಗ ಏನು ಕೇಳಬೇಕು ಅನ್ನುವುದು ತಿಳಿಯುತ್ತದೆ.

ಮೊದಲ ಹೆಜ್ಜೆ: ಯಾವುದಕ್ಕೆ ಯಾರು ಯಜಮಾನ?

ಕೋಡ್ ಬರೆಯುವ ಮೊದಲು ಅಕೌಂಟೆಂಟ್ ಜೊತೆ ಅರ್ಧ ದಿನ ಕೂರಿ. ನಿಜವಾಗಿಯೂ ಅರ್ಧ ದಿನ. ಒಂದು ಹಾಳೆ ತೆಗೆದುಕೊಂಡು ಎರಡೂ ಕಡೆ ಇರುವ ಮಾಹಿತಿಯನ್ನೆಲ್ಲ ಬರೆಯಿರಿ: ಗ್ರಾಹಕರ ವಿಳಾಸ, ಬೆಲೆ, ಸ್ಟಾಕ್, ಇನ್‌ವಾಯ್ಸ್ ನಂಬರ್, ಪಾವತಿ, ವಾಪಸಾತಿ. ಪ್ರತಿಯೊಂದರ ಮುಂದೆಯೂ ಒಂದೇ ಒಂದು ಹೆಸರು ಇರಬೇಕು, ವೂಕಾಮರ್ಸ್ ಅಥವಾ ಟ್ಯಾಲಿ. ಇಬ್ಬರೂ ಯಜಮಾನರಾದರೆ ಒಂದು ದಿನ ಎರಡೂ ಬೇರೆ ಬೇರೆ ಹೇಳುತ್ತವೆ, ಆಗ ಯಾವುದನ್ನು ನಂಬಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಾನು ನೋಡಿದ ಕೆಟ್ಟ ಜೋಡಣೆಗಳೆಲ್ಲ ಕೆಟ್ಟಿದ್ದು ಇಲ್ಲೇ, ಕೋಡ್‌ನಲ್ಲಲ್ಲ.

ಆ ಅಂಗಡಿಯಲ್ಲಿ ನಾವು ಹೀಗೆ ಹಂಚಿದೆವು. ವಿಳಾಸ ಮತ್ತು ಆನ್‌ಲೈನ್ ಬೆಲೆಗೆ ವೂಕಾಮರ್ಸ್ ಯಜಮಾನ. ಸ್ಟಾಕ್‌ಗೆ ಟ್ಯಾಲಿ, ಯಾಕೆಂದರೆ ಕೌಂಟರ್‌ನಲ್ಲಿ ಮಾರಿದ್ದು ಅಲ್ಲೇ ದಾಖಲಾಗುತ್ತದೆ. ಇನ್‌ವಾಯ್ಸ್ ನಂಬರ್‌ಗೂ ಟ್ಯಾಲಿಯೇ.

ಈ ಕೊನೆಯದರ ಬಗ್ಗೆ ಬಹಳ ಜನ ತಪ್ಪುತ್ತಾರೆ. ವೂಕಾಮರ್ಸ್‌ನ ಆರ್ಡರ್ ನಂಬರನ್ನೇ ಇನ್‌ವಾಯ್ಸ್ ನಂಬರ್ ಮಾಡಿದರೆ ಆಯಿತಲ್ಲ ಅನ್ನಿಸುತ್ತದೆ. ಆದರೆ ವರ್ಡ್‌ಪ್ರೆಸ್ ತನ್ನ ಪುಟಗಳಿಗೂ ಫೋಟೊಗಳಿಗೂ ಆರ್ಡರ್‌ಗಳಿಗೂ ಒಂದೇ ಸರಣಿಯಿಂದ ನಂಬರ್ ಕೊಡುತ್ತದೆ. ಹಾಗಾಗಿ 1041 ಆದ ಮೇಲೆ 1047 ಬರುತ್ತದೆ. ಜಿಎಸ್‌ಟಿ ನಿಯಮದ ಪ್ರಕಾರ ಇನ್‌ವಾಯ್ಸ್ ನಂಬರ್ ಸಾಲಾಗಿರಬೇಕು, 16 ಅಕ್ಷರ ಮೀರಬಾರದು, ಒಂದು ಹಣಕಾಸು ವರ್ಷದಲ್ಲಿ ಮತ್ತೆ ಬರಬಾರದು. ಟ್ಯಾಲಿ ಅದನ್ನು ತಾನೇ ನೋಡಿಕೊಳ್ಳುತ್ತದೆ. ಆರ್ಡರ್ ನಂಬರನ್ನು ವೋಚರ್‌ನ (ಟ್ಯಾಲಿಯಲ್ಲಿ ಒಂದು ವ್ಯವಹಾರದ ದಾಖಲೆ) ರೆಫರೆನ್ಸ್ ಜಾಗದಲ್ಲಿ ಹಾಕಿ. ಹುಡುಕುವಾಗ ಅದು ಬೇಕೇ ಬೇಕು.

ಎರಡನೆಯದು: ಯಾವ ಗಳಿಗೆಯಲ್ಲಿ ದಾಟಬೇಕು?

ವೂಕಾಮರ್ಸ್‌ನಲ್ಲಿ ಆರ್ಡರ್‌ಗೆ ಹಲವು ಸ್ಥಿತಿಗಳಿವೆ: ಪೆಂಡಿಂಗ್, ಆನ್ ಹೋಲ್ಡ್, ಪ್ರೊಸೆಸಿಂಗ್, ಕಂಪ್ಲೀಟೆಡ್, ಕ್ಯಾನ್ಸಲ್ಡ್, ರಿಫಂಡೆಡ್, ಫೇಲ್ಡ್. ಯಾವುದು ಬಂದಾಗ ಟ್ಯಾಲಿಯಲ್ಲಿ ಸೇಲ್ಸ್ ವೋಚರ್ ಹುಟ್ಟಬೇಕು? ಕ್ಯಾಶ್ ಆನ್ ಡೆಲಿವರಿ ಆರ್ಡರ್ ಹುಟ್ಟುವಾಗಲೇ ಪ್ರೊಸೆಸಿಂಗ್‌ಗೆ ಬಂದು ಕೂರುತ್ತದೆ. ಗ್ರಾಹಕರು ಮರುದಿನ ಬೇಡ ಅನ್ನಬಹುದು. ಆದ್ದರಿಂದ ಪಾರ್ಸೆಲ್ ಹೊರಡುವ ಗಳಿಗೆಯನ್ನು ಹಿಡಿಯಿರಿ. ಸರಕು ಹೊರಡುವ ಹೊತ್ತಿಗೆ ಇನ್‌ವಾಯ್ಸ್ ಇರಬೇಕು ಅನ್ನುವುದೇ ಕಾನೂನು ಕೂಡ. ಪ್ಯಾಕಿಂಗ್ ಹುಡುಗರಿಗೆ ಒಂದೇ ಮಾತು ಹೇಳಿದ್ದೆವು: ಬಾಕ್ಸ್‌ಗೆ ಟೇಪ್ ಹಾಕಿದ ಮೇಲೆ ಕಂಪ್ಲೀಟೆಡ್ ಒತ್ತಿ, ಇನ್‌ವಾಯ್ಸ್ ಅಂಟಿಸದೆ ಕೊರಿಯರ್‌ಗೆ ಕೊಡಬೇಡಿ.

ಮೂರನೆಯದು: ಹೆಸರುಗಳ ಪಟ್ಟಿ

ಟ್ಯಾಲಿಗೆ ಲೆಡ್ಜರ್ (ಒಂದೊಂದು ಬಾಬಿನ ಖಾತೆ) ಹೆಸರು ಸರಿಯಾಗಿ ಹೊಂದಲೇಬೇಕು. ಇಲ್ಲದ ಹೆಸರು ಕಳಿಸಿದರೆ ವೋಚರ್ ಒಳಗೆ ಹೋಗುವುದಿಲ್ಲ. ಒಂದು ಎಕ್ಸೆಲ್ ಹಾಳೆ ಮಾಡಿ. ಎಡಕ್ಕೆ ವೂಕಾಮರ್ಸ್‌ನಲ್ಲಿ ಇರುವುದು, ಬಲಕ್ಕೆ ಟ್ಯಾಲಿಯಲ್ಲಿ ಇರುವುದು. ಸೇಲ್ಸ್, ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿ (ರಾಜ್ಯದ ಪಾಲು), ಐಜಿಎಸ್‌ಟಿ (ಬೇರೆ ರಾಜ್ಯಕ್ಕೆ ಮಾರಿದಾಗಿನದು), ಕೊರಿಯರ್ ಶುಲ್ಕ, ರೌಂಡ್ ಆಫ್, ಪೇಮೆಂಟ್ ಗೇಟ್‌ವೇ (ಆನ್‌ಲೈನ್ ಪಾವತಿ ಪಡೆದುಕೊಡುವ ಕಂಪನಿ), ಇಷ್ಟೂ ಇರಬೇಕು. ಪ್ರತಿ ಸೀರೆಗೂ ಅದನ್ನು ಗುರುತಿಸುವ ಎಸ್‌ಕೆಯು ಕೋಡ್ ಎರಡೂ ಕಡೆ ಒಂದೇ ಇರಲಿ, ಹೆಸರನ್ನು ನಂಬಬೇಡಿ. ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಉಳಿದು ಅರ್ಧ ದಿನ ತಿಂದಿದೆ.

ಆನ್‌ಲೈನ್‌ನಲ್ಲಿ ಒಂದು ಸೀರೆ ಕೊಂಡವರಿಗೆಲ್ಲ ಒಂದೊಂದು ಲೆಡ್ಜರ್ ತೆರೆಯಬೇಡಿ. ವರ್ಷದ ಕೊನೆಗೆ ಸಾವಿರಾರು ಲೆಡ್ಜರ್ ಆಗಿ ಅಕೌಂಟೆಂಟ್ ಕಣ್ಣೀರು ಹಾಕುತ್ತಾರೆ. 'ಆನ್‌ಲೈನ್ ಗ್ರಾಹಕರು' ಅಂತ ಒಂದು ಸಾಕು, ಕೊಂಡವರ ಹೆಸರು ವಿಳಾಸ ವೋಚರ್ ಒಳಗೇ ಇರುತ್ತದೆ. ಜಿಎಸ್‌ಟಿ ನಂಬರ್ ಕೊಟ್ಟು ಕೊಳ್ಳುವ ವ್ಯಾಪಾರಿಗಳಿಗೆ ಮಾತ್ರ ಬೇರೆ ಲೆಡ್ಜರ್.

ಇನ್ನು ರಾಜ್ಯ. ಗ್ರಾಹಕರು ಊರಿನ ಜಾಗದಲ್ಲಿ ಬೆಂಗಳೂರು ಅಂತಲೋ ಬ್ಯಾಂಗಲೋರ್ ಅಂತಲೋ ಏನು ಬೇಕಾದರೂ ಬರೆಯಲಿ, ಟ್ಯಾಕ್ಸ್‌ಗೆ ಬೇಕಾಗಿರುವುದು ರಾಜ್ಯ. ವೂಕಾಮರ್ಸ್ ಅದನ್ನು ಎರಡಕ್ಷರದ ಕೋಡ್‌ನಲ್ಲಿ ಕೊಡುತ್ತದೆ, ಟ್ಯಾಲಿಗೆ ಪೂರ್ತಿ ಹೆಸರು ಬೇಕು. ಎಲ್ಲ ರಾಜ್ಯಗಳನ್ನೂ ಪಟ್ಟಿಯಲ್ಲಿ ಸೇರಿಸಿ. ಕರ್ನಾಟಕದೊಳಗೆ ಹೋದರೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ, ಹೊರಗೆ ಹೋದರೆ ಐಜಿಎಸ್‌ಟಿ. ಎಲೆಕ್ಟ್ರಾನಿಕ್ ಸಿಟಿ ದಾಟಿ ಸ್ವಲ್ಪ ಮುಂದೆ ಹೋದರೆ ಹೊಸೂರು. ಬೆಳಿಗ್ಗೆ ಅಲ್ಲಿಂದ ಹೊರಟು ಇಲ್ಲಿ ಕೆಲಸ ಮಾಡಿ ಸಂಜೆ ವಾಪಸ್ ಹೋಗುವವರು ಎಷ್ಟೋ ಜನ, ಆದರೆ ಅದು ತಮಿಳುನಾಡು, ಐಜಿಎಸ್‌ಟಿ. ಅವರು ಬಿಲ್ಲಿಂಗ್ ವಿಳಾಸ ಹೊಸೂರಿನದು ಕೊಟ್ಟು ಸೀರೆಯನ್ನು ಜಯನಗರದ ಅಕ್ಕನ ಮನೆಗೆ ಕಳಿಸಿದರೆ? ಜಿಎಸ್‌ಟಿ ನಂಬರ್ ಇಲ್ಲದ ಮಾಮೂಲಿ ಗ್ರಾಹಕರಾದರೆ ಸರಕು ತಲುಪುವ ವಿಳಾಸವನ್ನೇ ಹಿಡಿಯಬೇಕು. ಸ್ಕ್ರಿಪ್ಟ್ ಬಿಲ್ಲಿಂಗ್ ರಾಜ್ಯವನ್ನಲ್ಲ, ಶಿಪ್ಪಿಂಗ್ ರಾಜ್ಯವನ್ನು ಓದಬೇಕು.

ನಾಲ್ಕನೆಯದು: ಎರಡೂ ಬಾಗಿಲು ತೆರೆಯುವುದು

ವೂಕಾಮರ್ಸ್ ಕಡೆ ಸುಲಭ. ಸೆಟ್ಟಿಂಗ್ಸ್, ಅಡ್ವಾನ್ಸ್ಡ್, ರೆಸ್ಟ್ ಎಪಿಐ (ಬೇರೆ ಪ್ರೋಗ್ರಾಂ ಬಂದು ಮಾಹಿತಿ ಕೇಳುವ ಬಾಗಿಲು). ಅಲ್ಲಿ ಹೊಸ ಕೀ ಮಾಡಿ, ಸದ್ಯಕ್ಕೆ ರೀಡ್ ಅನುಮತಿ ಮಾತ್ರ ಕೊಡಿ. ಗುಟ್ಟಿನ ಕೀ ಒಂದೇ ಸಲ ಕಾಣಿಸುತ್ತದೆ, ಆಗಲೇ ಜೋಪಾನವಾಗಿ ಎತ್ತಿಡಿ. ವಾಟ್ಸಾಪ್‌ನಲ್ಲಿ ಕಳಿಸಬೇಡಿ.

ಟ್ಯಾಲಿ ಪ್ರೈಮ್‌ನಲ್ಲಿ ಎಫ್1 ಒತ್ತಿ, ಸೆಟ್ಟಿಂಗ್ಸ್, ಕನೆಕ್ಟಿವಿಟಿ, ಅಲ್ಲಿ ಕ್ಲೈಂಟ್ ಸರ್ವರ್ ಕಾನ್ಫಿಗರೇಶನ್. 'ಬೋತ್' ಆರಿಸಿ, ಪೋರ್ಟ್ (ಬಾಗಿಲಿನ ನಂಬರ್) 9000 ಇರಲಿ. ಟ್ಯಾಲಿಯನ್ನು ಮತ್ತೆ ಶುರುಮಾಡಿ, ಅದೇ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ ವಿಳಾಸಕ್ಕೆ 9000 ಸೇರಿಸಿ (localhost:9000) ತೆರೆಯಿರಿ. ಟ್ಯಾಲಿ ಸರ್ವರ್ ಓಡುತ್ತಿದೆ ಅನ್ನುವ ಒಂದು ಸಾಲು ಕಂಡರೆ ಬಾಗಿಲು ತೆರೆದಿದೆ ಅಂತ ಅರ್ಥ. ಟ್ಯಾಲಿಯೊಳಗೆ ನಿಮ್ಮ ಕಂಪನಿ, ಅಂದರೆ ನಿಮ್ಮ ಅಂಗಡಿಯ ಲೆಕ್ಕದ ಪುಸ್ತಕ, ತೆರೆದಿರಬೇಕು ಅನ್ನುವುದು ನೆನಪಿರಲಿ; ಟ್ಯಾಲಿ ಮುಚ್ಚಿದ್ದರೆ ಈ ಬಾಗಿಲೂ ಮುಚ್ಚಿರುತ್ತದೆ.

ಒಂದು ವಿಷಯದಲ್ಲಿ ದಯವಿಟ್ಟು ಹಟ ಹಿಡಿಯಿರಿ. ಈ ಪೋರ್ಟನ್ನು ರೂಟರ್‌ನಲ್ಲಿ ಇಂಟರ್‌ನೆಟ್‌ಗೆ ತೆರೆಯಬೇಡಿ. ಅಲ್ಲಿ ಪಾಸ್‌ವರ್ಡ್ ಕೇಳುವವರು ಯಾರೂ ಇಲ್ಲ. ತೆರೆದರೆ ಯಾರು ಬೇಕಾದರೂ ನಿಮ್ಮ ಲೆಕ್ಕದಲ್ಲಿ ಕೈಯಾಡಿಸಬಹುದು. ಅದಕ್ಕೇ ವೆಬ್‌ಸೈಟ್ ಆಫೀಸಿನ ಒಳಗೆ ತಳ್ಳುವ ಬದಲು, ಆಫೀಸಿನ ಕಂಪ್ಯೂಟರ್ ಹೊರಗೆ ಹೋಗಿ ಆರ್ಡರ್ ತರುವ ಹಾಗೆ ಮಾಡುವುದು ವಾಸಿ.

ಹಾಗೆ ಮಾಡುವುದಕ್ಕೆ ಇನ್ನೊಂದು ಕಾರಣ ಕರೆಂಟು. ವೆಬ್‌ಹುಕ್ ಅಂದರೆ ವೂಕಾಮರ್ಸ್ ತಾನಾಗಿಯೇ ಕಳಿಸುವ ಸುದ್ದಿ, ಅದು ಆರ್ಡರ್ ಬಂದ ತಕ್ಷಣ ಬಾಗಿಲು ತಟ್ಟುತ್ತದೆ. ಆ ಹೊತ್ತಿಗೆ ಬೆಸ್ಕಾಂ ಕೆಲಸ ನಡೆದು ಕರೆಂಟ್ ಹೋಗಿದ್ದರೆ ತಟ್ಟಿದ್ದು ಯಾರಿಗೂ ಕೇಳಿಸುವುದಿಲ್ಲ, ಮೇಲಾಗಿ ಸತತ ಐದು ಸಲಕ್ಕಿಂತ ಜಾಸ್ತಿ ಉತ್ತರ ಸಿಗದಿದ್ದರೆ ವೂಕಾಮರ್ಸ್ ಆ ವೆಬ್‌ಹುಕ್ಕನ್ನೇ ನಿಲ್ಲಿಸಿಬಿಡುತ್ತದೆ, ಅಂಗಡಿಯವರಿಗೆ ಅದು ಗೊತ್ತಾಗುವುದು ವಾರ ಕಳೆದ ಮೇಲೆ. ಹತ್ತು ನಿಮಿಷಕ್ಕೊಮ್ಮೆ ನಾವೇ ಹೋಗಿ ಕೇಳಿದರೆ ಈ ತೊಂದರೆ ಇಲ್ಲ. ಕರೆಂಟ್ ಬಂದ ಮೇಲೆ ಬಿಟ್ಟಲ್ಲಿಂದ ಹಿಡಿಯಬಹುದು. ಹೊತ್ತಿಗೆ ಸರಿಯಾಗಿ ಪ್ರೋಗ್ರಾಂ ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಇದಕ್ಕೆ ಧಾರಾಳವಾಗಿ ಸಾಕು.

ಐದನೆಯದು: ಆರ್ಡರ್ ತರುವುದು

ಪೂರ್ತಿ ಪಟ್ಟಿಯನ್ನು ಪ್ರತಿ ಸಲ ಎಳೆಯಬೇಡಿ. ಕಳೆದ ಸಲದ ನಂತರ ಬದಲಾದ ಆರ್ಡರ್‌ಗಳನ್ನು ಮಾತ್ರ ಕೇಳುವ 'ಮಾಡಿಫೈಡ್ ಆಫ್ಟರ್' ಅನ್ನುವ ಸೌಲಭ್ಯ ಇದೆ. ಕಳೆದ ಸಲದ ಸಮಯಕ್ಕಿಂತ ಒಂದು ಗಂಟೆ ಹಿಂದಿನಿಂದ ಕೇಳಿ. ಒಂದೇ ಆರ್ಡರ್ ಎರಡು ಸಲ ಬಂದರೆ ಪರವಾಗಿಲ್ಲ, ಅದನ್ನು ತಡೆಯುವ ದಾರಿ ಮುಂದೆ ಇದೆ. ತಪ್ಪಿಹೋಗಬಾರದು, ಅಷ್ಟೇ.

ಇಲ್ಲಿ ಕಾಲು ಜಾರಿ ಬೀಳುವ ಎರಡು ಗುಂಡಿಗಳಿವೆ. ಮೊದಲನೆಯದು, ನೀವು ಏನೂ ಹೇಳದಿದ್ದರೆ ವೂಕಾಮರ್ಸ್ ಒಂದು ಸಲಕ್ಕೆ 10 ಆರ್ಡರ್ ಮಾತ್ರ ಕೊಡುತ್ತದೆ. ಪರೀಕ್ಷೆ ಮಾಡುವಾಗ ಆರು ಏಳು ಆರ್ಡರ್ ಇರುತ್ತವೆ, ಎಲ್ಲ ಸರಿ ಕಾಣುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಬಂದಾಗ ಹನ್ನೊಂದನೆಯದರಿಂದ ಮುಂದಿನದೆಲ್ಲ ಕಾಣೆ. ಪುಟಕ್ಕೆ 100ರವರೆಗೆ ಕೇಳಬಹುದು. ಎಷ್ಟು ಪುಟ ಇದೆ ಅನ್ನುವುದು ಉತ್ತರದ ಹೆಡರ್‌ನಲ್ಲಿ ಬರುತ್ತದೆ, ಕೊನೆಯ ಪುಟದವರೆಗೂ ಹೋಗಿ.

ಎರಡನೆಯದು ಸಮಯ. ಆರ್ಡರ್‌ನಲ್ಲಿ ಪ್ರತಿ ತಾರೀಖೂ ಎರಡು ಸಲ ಇರುತ್ತದೆ, ಒಂದು ನಮ್ಮ ಸಮಯ, ಒಂದು ಜಿಎಂಟಿ. ನಮ್ಮದು ಜಿಎಂಟಿಗಿಂತ ಐದೂವರೆ ಗಂಟೆ ಮುಂದೆ. ತಪ್ಪಿ ಜಿಎಂಟಿ ಹಿಡಿದರೆ ನಡುರಾತ್ರಿಯಿಂದ ಬೆಳಗಿನ ಐದೂವರೆವರೆಗೆ ದಾಖಲಾದದ್ದೆಲ್ಲ ಹಿಂದಿನ ದಿನಕ್ಕೆ ಬೀಳುತ್ತದೆ. ಬೇರೆ ದಿನಗಳಲ್ಲಿ ಇದು ಸಣ್ಣ ತಪ್ಪು. ಏಪ್ರಿಲ್ 1ರ ನಸುಕಿನ ಎರಡು ಗಂಟೆಯದು ಮಾರ್ಚ್ 31ಕ್ಕೆ ಹೋದರೆ ಹಣಕಾಸು ವರ್ಷವೇ ಬದಲಾಯಿತು, ಅಲ್ವಾ?

ಆರನೆಯದು: ವೋಚರ್ ಕಟ್ಟುವುದು

ಇದು ಇಡೀ ಕೆಲಸದ ಹೃದಯ. ಟ್ಯಾಲಿಗೆ ಎಕ್ಸ್‌ಎಂಎಲ್ ರೂಪದಲ್ಲಿ, ಅಂದರೆ ಪ್ರತಿ ಮಾಹಿತಿಗೂ ಹೆಸರಿನ ಗುರುತು ಹಾಕಿದ ಪಠ್ಯವಾಗಿ, ವೋಚರ್ ಕಳಿಸಬೇಕು. ಹೊರಗೊಂದು ಲಕೋಟೆ, ಒಳಗೆ 'ಇಂಪೋರ್ಟ್ ಡೇಟಾ' ಅನ್ನುವ ಬೇಡಿಕೆ, ಅದರೊಳಗೆ ವೋಚರ್. ತಾರೀಖನ್ನು ವರ್ಷ, ತಿಂಗಳು, ದಿನ ಸೇರಿಸಿ ಎಂಟು ಅಂಕಿಯಲ್ಲಿ ಬರೆಯಬೇಕು. ಮಾದರಿ ಬೇಕೆಂದರೆ ಹುಡುಕಾಡಬೇಡಿ: ಟ್ಯಾಲಿಯಲ್ಲಿ ಕೈಯಾರೆ ಒಂದು ಸರಿಯಾದ ವೋಚರ್ ಮಾಡಿ, ಅದನ್ನೇ ಎಕ್ಸ್‌ಎಂಎಲ್ ಆಗಿ ಎಕ್ಸ್‌ಪೋರ್ಟ್ ಮಾಡಿ ನೋಡಿ. ನಿಮ್ಮ ಅಂಗಡಿಯ ಸೆಟ್ಟಿಂಗ್‌ಗೆ ತಕ್ಕ ಮಾದರಿ ಅದೇ.

ಒಂದು ಉದಾಹರಣೆ. ಟ್ಯಾಕ್ಸ್ ಸೇರಿ ಸೀರೆಗೆ 2,100 ರೂಪಾಯಿ, ಜಿಎಸ್‌ಟಿ 5%, ಗ್ರಾಹಕರು ಮೈಸೂರಿನವರು. ಸೇಲ್ಸ್ 2,000, ಸಿಜಿಎಸ್‌ಟಿ 50, ಎಸ್‌ಜಿಎಸ್‌ಟಿ 50. ಟ್ಯಾಲಿಯ ಎಕ್ಸ್‌ಎಂಎಲ್‌ನಲ್ಲಿ ಡೆಬಿಟ್‌ಗೆ ಮೈನಸ್, ಕ್ರೆಡಿಟ್‌ಗೆ ಪ್ಲಸ್. ಗ್ರಾಹಕರ ಸಾಲಿಗೆ ಮೈನಸ್ 2,100, ಉಳಿದ ಮೂರಕ್ಕೂ ಪ್ಲಸ್. ಕೂಡಿದರೆ ಸೊನ್ನೆ ಬರಬೇಕು.

ಈಗ 999 ರೂಪಾಯಿಯ ಕಾಟನ್ ಸೀರೆ ನೋಡಿ. 1.05ರಿಂದ ಭಾಗಿಸಿದರೆ 951.43. ಅದರ ಎರಡೂವರೆ ಶೇಕಡ 23.79. ಎರಡು ಸಲ ಸೇರಿಸಿದರೆ 999.01 ಆಯಿತು. ಒಂದು ಪೈಸೆ ಜಾಸ್ತಿ! ಆ ಒಂದು ಪೈಸೆಗೆ ಟ್ಯಾಲಿ ವೋಚರ್ ಮೊತ್ತ ಹೊಂದುತ್ತಿಲ್ಲ ಅಂತ ವಾಪಸ್ ಕಳಿಸುತ್ತದೆ. ಅದು ಸರಿಯೇ, ಲೆಕ್ಕ ಅಂದರೆ ಹಾಗೇ ಇರಬೇಕು. ಕಳಿಸುವ ಮೊದಲು ಕೂಡಿ ನೋಡಿ, ವ್ಯತ್ಯಾಸವನ್ನು ರೌಂಡ್ ಆಫ್ ಲೆಡ್ಜರ್‌ಗೆ ಹಾಕಿ. ವ್ಯತ್ಯಾಸ ಒಂದು ರೂಪಾಯಿ ದಾಟಿದರೆ ಮಾತ್ರ ಕಳಿಸಬೇಡಿ. ಅದು ರೌಂಡಿಂಗ್ ಅಲ್ಲ, ಬೇರೇನೋ ತಪ್ಪಾಗಿದೆ, ಮನುಷ್ಯರು ನೋಡಬೇಕು. ಪೈಸೆ ಲೆಕ್ಕ ತಪ್ಪದಿರಲು ಪೈಥಾನ್‌ನಲ್ಲಿ ಫ್ಲೋಟ್ ಬದಲು ಡೆಸಿಮಲ್ ಬಳಸಿ.

'ಅಂಡ್' ಚಿಹ್ನೆ (&) ಇರುವ ಹೆಸರುಗಳನ್ನು ಎಕ್ಸ್‌ಎಂಎಲ್‌ಗೆ ತಕ್ಕ ಹಾಗೆ ಬದಲಿಸಿ ಕಳಿಸಬೇಕು, ನಮ್ಮ ಅಂಗಡಿಗಳ ಹೆಸರಿನಲ್ಲೆಲ್ಲ ಅದು ಇದ್ದೇ ಇರುತ್ತದೆ. ಕನ್ನಡದಲ್ಲಿ ಬರೆದ ವಿಳಾಸ ಪ್ರಶ್ನೆ ಚಿಹ್ನೆಗಳಾಗಿ ಕಂಡರೆ ಎನ್‌ಕೋಡಿಂಗ್ ಯುಟಿಎಫ್-8 ಇದೆಯಾ ನೋಡಿ.

ಕಳಿಸಿದ ಮೇಲೆ ಟ್ಯಾಲಿ ಕೊಡುವ ಉತ್ತರವನ್ನು ಓದಲೇಬೇಕು. ವೋಚರ್ ತಿರಸ್ಕಾರವಾದರೂ ಎಚ್‌ಟಿಟಿಪಿ ಮಟ್ಟದಲ್ಲಿ 200, ಅಂದರೆ 'ಎಲ್ಲ ಸರಿ' ಅಂತಲೇ ಬರುತ್ತದೆ. ಒಳಗೆ ಕ್ರಿಯೇಟೆಡ್ 1, ಎರರ್ಸ್ 0 ಇದ್ದರೆ ಮಾತ್ರ ಆಯಿತು ಅಂತ ಗುರುತು ಹಾಕಿ.

ಏಳನೆಯದು: ಒಂದೇ ಆರ್ಡರ್ ಎರಡು ಸಲ ಹೋಗದ ಹಾಗೆ

ಆ ಅಂಗಡಿಯಲ್ಲಿ ಎರಡನೇ ವಾರ ಒಂದು ಬೆಳಿಗ್ಗೆ ಅಕೌಂಟೆಂಟ್ ಫೋನ್ ಮಾಡಿದರು. ನಿನ್ನೆಯ ಸೇಲ್ಸ್ ದುಪ್ಪಟ್ಟು ತೋರಿಸುತ್ತಿದೆ ಅಂದರು. ಓಡಿಹೋಗಿ ನೋಡಿದೆ. ಟ್ಯಾಲಿ ವೋಚರ್ ಮಾಡಿಕೊಂಡಿತ್ತು, ಆದರೆ ಉತ್ತರ ಬರುವಷ್ಟರಲ್ಲಿ ಕಂಪ್ಯೂಟರ್ ತಡವರಿಸಿ ನನ್ನ ಸ್ಕ್ರಿಪ್ಟ್ ಕಾಯುವುದನ್ನು ಬಿಟ್ಟಿತ್ತು. ಹೋಗಿಲ್ಲ ಅಂದುಕೊಂಡು ಮುಂದಿನ ಸುತ್ತಿನಲ್ಲಿ ಮತ್ತೆ ಕಳಿಸಿತ್ತು. ಅವರೂ ನಾನೂ ಕೂತು ಒಂದೊಂದೇ ಆರ್ಡರ್ ನಂಬರ್ ಓದಿ ಸರಿ ಮಾಡುವಷ್ಟರಲ್ಲಿ ಮಧ್ಯಾಹ್ನ ಎರಡೂವರೆ. ಅವರು ಒಂದು ಮಾತೂ ಬಯ್ಯಲಿಲ್ಲ, ಅದೇ ನನಗೆ ಜಾಸ್ತಿ ನೋವಾಯಿತು.

ಅಂದಿನಿಂದ ನಾನು ಬಿಡದೆ ಮಾಡುವುದು ಇದು. ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್‌ನಲ್ಲಿ ಒಂದು ಸಣ್ಣ ಟೇಬಲ್. ಆರ್ಡರ್ ನಂಬರ್, ಸ್ಥಿತಿ, ಟ್ಯಾಲಿ ಕೊಟ್ಟ ವೋಚರ್ ಐಡಿ, ಸಮಯ. ಆರ್ಡರ್ ನಂಬರ್ ಎರಡು ಸಲ ಬರಬಾರದು ಅನ್ನುವ ಕಟ್ಟುಪಾಡು ಟೇಬಲ್‌ನಲ್ಲೇ ಇರಲಿ. ಕಳಿಸುವ ಮೊದಲು 'ಕಳಿಸುತ್ತಿದೆ' ಅಂತ ಬರೆಯಿರಿ, ಉತ್ತರ ಬಂದ ಮೇಲೆ 'ಆಯಿತು'. ಮುಂದಿನ ಸುತ್ತಿನಲ್ಲಿ ಯಾವುದಾದರೂ 'ಕಳಿಸುತ್ತಿದೆ' ಅಂತಲೇ ಉಳಿದಿದ್ದರೆ ಅದನ್ನು ಕಣ್ಣು ಮುಚ್ಚಿ ಮತ್ತೆ ಕಳಿಸಬೇಡಿ. ಮೊದಲು ಆ ರೆಫರೆನ್ಸ್ ನಂಬರ್‌ನ ವೋಚರ್ ಇದೆಯಾ ಅಂತ ಟ್ಯಾಲಿಯನ್ನೇ ಕೇಳಿ.

ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ತಿದ್ದುಪಡಿಗಳ ದಾಖಲೆ ಇಡುವ ಲೆಕ್ಕದ ಸಾಫ್ಟ್‌ವೇರ್ ಕಡ್ಡಾಯ. ಅಳಿಸಿದರೂ ಗುರುತು ಉಳಿಯುತ್ತದೆ. ಆಮೇಲೆ ಅಳಿಸಿದರಾಯಿತು ಅನ್ನುವ ಧೈರ್ಯ ಬೇಡ.

ಎಂಟನೆಯದು: ದುಡ್ಡು ಮತ್ತು ವಾಪಸಾತಿ

ಗ್ರಾಹಕರು 1,000 ಕೊಟ್ಟರೆ ಬ್ಯಾಂಕಿಗೆ 1,000 ಬರುವುದಿಲ್ಲ. ಗೇಟ್‌ವೇ ಶುಲ್ಕ 2% ಅಂದುಕೊಳ್ಳಿ, 20 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ 3.60. ಬ್ಯಾಂಕಿಗೆ ಬರುವುದು 976.40, ಅದೂ ಒಂದೆರಡು ದಿನ ಬಿಟ್ಟು, ಹಲವು ಆರ್ಡರ್‌ಗಳದ್ದು ಒಟ್ಟಿಗೆ. ಹಾಗಾಗಿ ಗ್ರಾಹಕರ ಪಾವತಿಯನ್ನು ನೇರ ಬ್ಯಾಂಕ್ ಲೆಡ್ಜರ್‌ಗೆ ಹಾಕಬೇಡಿ, ಗೇಟ್‌ವೇ ಲೆಡ್ಜರ್‌ಗೆ ಹಾಕಿ. ಸೆಟಲ್‌ಮೆಂಟ್ ವರದಿ ಬಂದಾಗ ಅಲ್ಲಿಂದ ಬ್ಯಾಂಕಿಗೆ, ಶುಲ್ಕಕ್ಕೆ, ಇನ್‌ಪುಟ್ ಜಿಎಸ್‌ಟಿಗೆ ಹಂಚಿ. ನಿಮ್ಮ ಗೇಟ್‌ವೇ ರೇಜರ್‌ಪೇ ಆದರೆ ಅದರ ಎಪಿಐ ಮೊತ್ತವನ್ನು ಪೈಸೆಯಲ್ಲಿ ಕೊಡುತ್ತದೆ, 100ರಿಂದ ಭಾಗಿಸುವುದನ್ನು ಮರೆಯಬೇಡಿ.

ವಾಪಸ್ ಬಂದ ಸೀರೆಗೆ ಹಳೆಯ ಸೇಲ್ಸ್ ವೋಚರ್ ಅಳಿಸುವುದಲ್ಲ, ಕ್ರೆಡಿಟ್ ನೋಟ್ (ಮಾರಾಟದ ಮೊತ್ತ ಇಳಿಸುವ ದಾಖಲೆ) ಮಾಡುವುದು. ವೂಕಾಮರ್ಸ್‌ನಲ್ಲಿ ಪ್ರತಿ ರಿಫಂಡ್‌ಗೂ ಬೇರೆ ಐಡಿ ಇರುತ್ತದೆ, ಒಂದೇ ಆರ್ಡರ್‌ಗೆ ಎರಡು ಮೂರೂ ಇರಬಹುದು. ನಿಮ್ಮ ಟೇಬಲ್‌ನಲ್ಲಿ ಅವಕ್ಕೂ ಸಾಲು ಬೇಕು. 2025ರ ಸೆಪ್ಟೆಂಬರ್ 22ರಂದು ಎಷ್ಟೋ ವಸ್ತುಗಳ ಜಿಎಸ್‌ಟಿ ದರ ಬದಲಾಯಿತು. ಅದಕ್ಕೆ ಮೊದಲು ಮಾರಿದ್ದು ಆಮೇಲೆ ವಾಪಸ್ ಬಂದರೆ ಕ್ರೆಡಿಟ್ ನೋಟ್ ಹಳೆಯ ದರದಲ್ಲೇ ಹೋಗಬೇಕು. ದರವನ್ನು ಪಟ್ಟಿಯಿಂದ ತೆಗೆಯದೆ ಮೂಲ ಆರ್ಡರ್‌ನಿಂದ ತೆಗೆಯಿರಿ.

ಸ್ಟಾಕ್

ಇದನ್ನು ಕೊನೆಗೆ ಮಾಡಿ, ಮಾರಾಟ ಸರಿಯಾಗಿ ಓಡಿದ ಮೇಲೆ. ಟ್ಯಾಲಿಯಿಂದ ಎಸ್‌ಕೆಯು ಪ್ರಕಾರ ಉಳಿದದ್ದನ್ನು ಓದಿ, ಪಾರ್ಸೆಲ್ ಹೊರಡದೆ ಬಾಕಿ ಇರುವ ಆರ್ಡರ್‌ಗಳದ್ದನ್ನು ಕಳೆದು, ವೂಕಾಮರ್ಸ್‌ಗೆ ಬರೆಯುವುದು. ಇದಕ್ಕೆ ರೈಟ್ ಅನುಮತಿಯ ಬೇರೆ ಕೀ ಮಾಡಿ. ಕೈಮಗ್ಗದ ರೇಷ್ಮೆ ಸೀರೆ ಸಾಮಾನ್ಯವಾಗಿ ಒಂದೇ ಪೀಸ್ ಇರುತ್ತದೆ; ಕೆಳಗೆ ಕೌಂಟರ್‌ನಲ್ಲಿ ಒಬ್ಬರು ಅದನ್ನೇ ಮಡಿಲಲ್ಲಿ ಹರಡಿಕೊಂಡು ನೋಡುತ್ತಿರುವಾಗ ಹುಬ್ಬಳ್ಳಿಯಿಂದ ಇನ್ನೊಬ್ಬರು ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿಬಿಟ್ಟಿರುತ್ತಾರೆ. ಇದನ್ನು ಯಾವ ಸ್ಕ್ರಿಪ್ಟೂ ತಪ್ಪಿಸಲಾರದು. ಆನ್‌ಲೈನ್‌ಗೆ ಹಾಕುವ ಒಂಟಿ ಪೀಸ್‌ಗಳನ್ನು ಮಹಡಿ ಮೇಲೆ ಬೇರೆ ಬೀರುವಿನಲ್ಲಿ ಇಡಿ. ಆ ಅಂಗಡಿಯಲ್ಲಿ ಹಾಗೇ ಮಾಡಿದೆವು.

ಶುರು ಮಾಡುವ ದಿನ

ಮೊದಲು ಬ್ಯಾಕಪ್. ಆ ಬ್ಯಾಕಪ್‌ನಿಂದ ಇನ್ನೊಂದು ಪರೀಕ್ಷಾ ಕಂಪನಿ ತೆರೆದು ಅದರಲ್ಲಿ ಆಡಿ. ಲೈಸೆನ್ಸ್ ಇಲ್ಲದ ಎಜುಕೇಶನ್ ಮೋಡ್‌ನಲ್ಲಿ ಪರೀಕ್ಷೆ ಮಾಡುವವರಿಗೆ ಒಂದು ಮಾತು: ಅದು ತಿಂಗಳ ಕೆಲವೇ ತಾರೀಖುಗಳ ವೋಚರ್ ಒಪ್ಪುತ್ತದೆ, ಉಳಿದವು ಹೋಗದಿದ್ದರೆ ಕೋಡ್ ತಪ್ಪು ಅಂದುಕೊಂಡು ತಲೆ ಕೆಡಿಸಿಕೊಳ್ಳಬೇಡಿ.

ನಂತರ ಎರಡು ವಾರ ಎರಡೂ ನಡೆಯಲಿ. ಅಕೌಂಟೆಂಟ್ ಎಂದಿನಂತೆ ಕೈಯಲ್ಲಿ ಹಾಕಲಿ, ಸ್ಕ್ರಿಪ್ಟ್ ಪರೀಕ್ಷಾ ಕಂಪನಿಗೆ ಹಾಕಲಿ, ಸಂಜೆ ಎರಡನ್ನೂ ಹೋಲಿಸಿ. ವ್ಯತ್ಯಾಸ ಬಂದಾಗಲೆಲ್ಲ ಕಾರಣ ಬರೆದಿಡಿ. ನಿಜವಾದ ಕಂಪನಿಗೆ ಬದಲಾಗುವುದನ್ನು ತಿಂಗಳ 1ನೇ ತಾರೀಖಿಗೆ ಇಟ್ಟುಕೊಳ್ಳಿ, ಆದರೆ ಏಪ್ರಿಲ್ ಬೇಡ, ಹಬ್ಬದ ತಿಂಗಳೂ ಬೇಡ.

ಓಡಲು ಶುರುವಾದ ಮೇಲೆ ಪ್ರತಿ ರಾತ್ರಿ ಒಂಬತ್ತಕ್ಕೆ ಒಂದು ಸಣ್ಣ ಮೆಸೇಜ್ ಮಾಲೀಕರಿಗೂ ಅಕೌಂಟೆಂಟ್‌ಗೂ ಹೋಗಲಿ: ಇವತ್ತು ಎಷ್ಟು ಪಾರ್ಸೆಲ್ ಹೊರಟವು, ಎಷ್ಟು ವೋಚರ್ ಆದವು, ಎಷ್ಟು ನಿಂತಿವೆ. ತಪ್ಪಾದಾಗ ಮಾತ್ರ ಮೆಸೇಜ್ ಬರುವ ಹಾಗೆ ಮಾಡಬೇಡಿ. ಕಂಪ್ಯೂಟರೇ ಆಫ್ ಆಗಿದ್ದರೆ ತಪ್ಪನ್ನು ಹೇಳುವವರು ಯಾರು? ಒಂಬತ್ತಕ್ಕೆ ಮೆಸೇಜ್ ಬರಲಿಲ್ಲ ಅಂದರೆ ಅದೇ ಸುದ್ದಿ.

ತಿಂಗಳು ಮುಗಿದ ಮೇಲೆ, ಪ್ರತಿ ತಿಂಗಳೂ ರಿಟರ್ನ್ ಸಲ್ಲಿಸುವವರಿಗೆ, ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಸಲ್ಲಿಸಲು 11ನೇ ತಾರೀಖಿನವರೆಗೆ ಸಮಯ ಇರುತ್ತದೆ. 5ನೇ ತಾರೀಖಿನೊಳಗೆ ಮೂರು ಅಂಕಿ ಪಕ್ಕಪಕ್ಕ ಇಟ್ಟು ನೋಡಿ: ಆ ತಿಂಗಳು ಕಂಪ್ಲೀಟೆಡ್ ಆದ ಆರ್ಡರ್‌ಗಳ ಮೊತ್ತ, ಟ್ಯಾಲಿಯ ಆನ್‌ಲೈನ್ ಸೇಲ್ಸ್ (ಟ್ಯಾಕ್ಸ್, ಕೊರಿಯರ್ ಶುಲ್ಕ, ರೌಂಡ್ ಆಫ್ ಎಲ್ಲ ಸೇರಿ), ಮತ್ತೆ ಗೇಟ್‌ವೇ ಲೆಡ್ಜರ್‌ನಲ್ಲಿ ಉಳಿದ ಬಾಕಿ. ಮೊದಲ ಎರಡು ಪೈಸೆಗೆ ಪೈಸೆ ಹೊಂದಬೇಕು. ಮೂರನೆಯದರಲ್ಲಿ ಇನ್ನೂ ಬ್ಯಾಂಕಿಗೆ ಬರದ ಕೊನೆಯ ಒಂದೆರಡು ದಿನದ ದುಡ್ಡು ಮತ್ತು ಪಾರ್ಸೆಲ್ ಹೊರಡದ ಆರ್ಡರ್‌ಗಳ ಮುಂಗಡ ಬಿಟ್ಟು ಬೇರೇನೂ ಇರಬಾರದು. ಇದ್ದರೆ, ಹೆಚ್ಚಾಗಿ ಅದು ಕ್ರೆಡಿಟ್ ನೋಟ್ ಮಾಡಿ ದುಡ್ಡು ವಾಪಸ್ ಕೊಟ್ಟಿದ್ದನ್ನು ಬರೆಯದ ಆರ್ಡರ್. ಅಲ್ಲಿಂದಲೇ ಹುಡುಕಲು ಶುರುಮಾಡಿ.